ತಟ್ಟೆ ಟೀಚರ್ ಕಲಿಸಿದ ಕೈ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಸಗಟು ಮಾರುಕಟ್ಟೆಯ ಹಿಂದಿನ ಖಾಲಿ ಬಯಲಿನಲ್ಲಿ ಹಳೆಯ ಬಿಳಿ ಕಾರೊಂದು ಆಮೆಯ ಹಾಗೆ ತೆವಳುತ್ತಿದೆ. ಓಡಿಸುವ ಸೀಟಿನಲ್ಲಿ ಹೊಲಿಗೆ ಅಂಗಡಿಯ ಹೆಂಗಸೊಬ್ಬರು ಭುಜ ಕಿವಿಗೆ ತಾಗುವಷ್ಟು ಬಿಗಿಯಾಗಿ ಕೂತಿದ್ದಾರೆ. ಪಕ್ಕದ ಸೀಟಿನಲ್ಲಿ ಅರವತ್ತು ದಾಟಿದ ತೆಳ್ಳಗಿನ ಹೆಂಗಸು. ಅವರ ಮಡಿಲಲ್ಲಿ ಒಂದು ಸ್ಟೀಲಿನ ಊಟದ ತಟ್ಟೆ.

“ಉಸಿರು ಬಿಡಮ್ಮ. ಕಾರು ಪೆಟ್ರೋಲಲ್ಲಿ ಓಡುತ್ತೆ, ನಿನ್ನ ಉಸಿರಲ್ಲಿ ಅಲ್ಲ” ಎನ್ನುತ್ತಾರೆ ತಟ್ಟೆ ಹಿಡಿದವರು.

ಬಯಲಿನ ಕೊನೆಯಲ್ಲಿ ತುಕ್ಕು ಹಿಡಿದ ಡ್ರಮ್ಮು. ಅದನ್ನು ಸುತ್ತಿ ಬರಬೇಕು. ಡ್ರಮ್ಮು ಹತ್ತಿರವಾದದ್ದೇ ತಡ, ಕಲಿಯುವವರ ಕಣ್ಣು ಮುಂದಿನ ಗಾಜು ಬಿಟ್ಟು ಸ್ಟೀರಿಂಗ್ ಮೇಲಿನ ತಮ್ಮದೇ ಕೈಗಳತ್ತ ಜಾರುತ್ತದೆ. ತಟ್ಟೆ ಕೆಲಸಕ್ಕೆ ಬರುವುದು ಆಗ. ಪಕ್ಕದಲ್ಲಿದ್ದವರು ಅದನ್ನೆತ್ತಿ ಕಲಿಯುವವರ ಗದ್ದದ ಕೆಳಗೆ ಅಡ್ಡಲಾಗಿ ಹಿಡಿಯುತ್ತಾರೆ. ಈಗ ಕೈ ಕಾಣುವುದಿಲ್ಲ. ನೋಡುವುದಿದ್ದರೆ ಬಯಲನ್ನೇ ನೋಡಬೇಕು.

“ಕಣ್ಣು ರಸ್ತೆಗೆ. ಕೈ ಅದರ ಪಾಡಿಗೆ ಅದು.”

ಬಲಗೈ ಸ್ಟೀರಿಂಗನ್ನು ಎಳೆಯುತ್ತದೆ, ಎಡಗೈ ಅದರ ಮೇಲೆ ದಾಟಿ ಮೇಲಂಚನ್ನು ಹಿಡಿಯುತ್ತದೆ, ಬಲಗೈ ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಕಾರು ಡ್ರಮ್ಮನ್ನು ಸುತ್ತಿ ಈಚೆ ಬರುತ್ತದೆ. ಹೊಲಿಗೆಯವರು ಈಗಷ್ಟೇ ಉಸಿರು ಬಿಡುತ್ತಾರೆ. ತಟ್ಟೆ ಮತ್ತೆ ಮಡಿಲಿಗೆ ಇಳಿಯುತ್ತದೆ.

ಇವರಿಗೆ ‘ತಟ್ಟೆ ಟೀಚರ್’ ಎಂದು ಹೆಸರು ಬಿದ್ದು ಇಪ್ಪತ್ತು ವರ್ಷದ ಮೇಲಾಯಿತು. ಇವರ ಡ್ರೈವಿಂಗ್ ಶಾಲೆಗೆ ಬೋರ್ಡಿಲ್ಲ, ಇರುವುದು ಒಂದೇ ಕಾರು. ಕಲಿಯುವವರು ಹೆಚ್ಚಾಗಿ ಹೆಂಗಸರು. ಅದರಲ್ಲೂ ನಲವತ್ತು ದಾಟಿದ ಮೇಲೆ ಧೈರ್ಯ ಮಾಡಿ ಬಂದವರು. ಬೆಳಿಗ್ಗೆ ಮೂವರು, ಸಂಜೆ ಇಬ್ಬರು, ಒಬ್ಬೊಬ್ಬರಿಗೂ ಮುಕ್ಕಾಲು ಗಂಟೆ. ಪಕ್ಕದ ಸೀಟಿನ ಕೆಳಗೆ ಇವರದೇ ಒಂದು ಬ್ರೇಕು ಇದೆ. ಅದರ ಮೇಲೆ ಸದಾ ತೇಲುತ್ತಿರುವುದು ಬಲಗಾಲು. ಹಾಗಾಗಿ ಇವರ ಬಲಗಾಲಿನ ಚಪ್ಪಲಿ ಎಡಗಾಲಿನದಕ್ಕಿಂತ ಬೇಗ ಸವೆಯುತ್ತದೆ. ಇಷ್ಟು ವರ್ಷ ಆ ಸೀಟಿನಲ್ಲಿ ಕೂತರೂ ಪಕ್ಕದ ಕಿಟಕಿಯಾಚೆ ಏನಿದೆ ಎಂದು ನೋಡಿದ್ದೇ ಇಲ್ಲವಂತೆ. ನೋಡುವುದು ಮುಂದಿನ ರಸ್ತೆ, ಕಲಿಯುವವರ ಕೈ, ಮತ್ತೆ ರಸ್ತೆ.

ಶಾಲೆ ಶುರುವಾದದ್ದು ಗಂಡನಿಂದ. ಅವರು ಬಸ್ಸಿನ ಚಾಲಕರು. ಕಣ್ಣು ಮಂಜಾಗಿ ಬಸ್ಸಿನ ಕೆಲಸ ಬಿಡಬೇಕಾಗಿ ಬಂದಾಗ, ತಮಗೆ ಬರುವ ಒಂದೇ ವಿದ್ಯೆಯನ್ನು ಹೆಂಡತಿಯ ಕೈಗೆ ದಾಟಿಸಿದರು. ಫೋನ್ ಮಾಡಿದವರು “ಸರ್ ಎಲ್ಲಿ?” ಎಂದು ಕೇಳುತ್ತಿದ್ದ ಕಾಲ ಅದು. ಕಲಿಸುವುದು ಮೇಡಂ ಎಂದರೆ ಫೋನು ಕಟ್. ಗಂಡ ಫೋನಿನಲ್ಲಿ, ಸರ್‌ಗೆ ಕಣ್ಣು ಕಾಣಲ್ಲ ಸ್ವಾಮಿ, ಅವರ ಹತ್ತಿರಾನೇ ಕಲೀತೀರಾ ಎಂದು ಕೇಳುತ್ತಿದ್ದರಂತೆ. ಅವರು ಹೋಗಿ ಎಂಟು ವರ್ಷವಾಯಿತು. ಮನೆಯಲ್ಲಿ ಈಗ ಟೀಚರ್ ಮತ್ತು ಎಂಬತ್ತರ ಗಡಿ ದಾಟಿದ ಅವರ ಅತ್ತೆ.

ತಟ್ಟೆಯ ಪಾಠ ಹುಟ್ಟಿದ್ದು ಕಷ್ಟಕ್ಕೆ. ಶಾಲೆ ತೆರೆದ ಮೊದಲ ವರ್ಷವೇ ಕಾರಿನ ಎಂಜಿನ್ ಕೆಟ್ಟು ಗ್ಯಾರೇಜು ಸೇರಿತು. ಬಂದವರನ್ನು ವಾಪಸ್ ಕಳಿಸಿದರೆ ಮತ್ತೆ ಬರುವುದಿಲ್ಲ ಎಂಬ ಭಯ. ಅಡುಗೆಮನೆಯಿಂದ ತಟ್ಟೆಗಳನ್ನು ತಂದು, ಅಂಚಿನಲ್ಲಿ ಉಗುರುಬಣ್ಣದ ಒಂದು ಕೆಂಪು ಚುಕ್ಕೆ ಇಟ್ಟು, ಒಬ್ಬೊಬ್ಬರ ಕೈಗೂ ಒಂದೊಂದು ಕೊಟ್ಟರು. ಕಾರು ಬರುವ ತನಕ ಇದೇ ಸ್ಟೀರಿಂಗ್ ಎಂದರು. ಕಾರು ರಿಪೇರಿಯಾಗಿ ಬಂದಾಗ ನೋಡಿದರೆ, ತಟ್ಟೆ ತಿರುಗಿಸಿದವರು ಅದಕ್ಕೂ ಮುಂಚೆ ಬಂದವರಿಗಿಂತ ಬೇಗ ಕಲಿತರು. ಅಂದಿನಿಂದ ಮೊದಲ ಎರಡು ವಾರ ಯಾರಿಗೂ ಕಾರಿಲ್ಲ.

ಬರೀ ತಿರುಗಿಸಿದರೆ ಸಾಲದು, ತಿರುಗಿಸುತ್ತಾ ಮಾತಾಡಬೇಕು. ನಿನ್ನೆ ಮನೆಯಲ್ಲಿ ಏನು ಜಗಳ, ಪಕ್ಕದ ಮನೆಯವಳು ಏನಂದಳು, ನೀನು ತಿರುಗಿ ಏನಂದೆ. ಮೊದಮೊದಲು ಕೈ ಓಡಿದರೆ ಬಾಯಿ ನಿಲ್ಲುತ್ತದೆ, ಬಾಯಿ ಓಡಿದರೆ ಕೈ ನಿಲ್ಲುತ್ತದೆ. “ಚಾಡಿ ಹೇಳ್ತಾ ಹೇಳ್ತಾ ತಟ್ಟೆ ತಪ್ಪದೆ ತಿರುಗಿಸೋಕೆ ಬಂತು ಅಂದ್ರೆ ಅವತ್ತು ಕಾರು ಹತ್ತಿಸ್ತೀನಿ. ಅಂದ್ರೆ ಕೈಗೆ ಇನ್ನು ತಲೆಯ ಹಂಗಿಲ್ಲ ಅಂತ ಅರ್ಥ” ಎನ್ನುತ್ತಾರೆ ಟೀಚರ್.

ಅತ್ತೆಯ ದೂರು ಬೇರೆ. “ಊರಿಗೆಲ್ಲ ತಟ್ಟೆ ಹಂಚಿದಳು ನನ್ನ ಸೊಸೆ, ಊಟ ಮಾತ್ರ ಯಾರಿಗೂ ಹಾಕಲಿಲ್ಲ.” ಹೋದ ತಟ್ಟೆಗಳಲ್ಲಿ ಎಷ್ಟೋ ಹಿಂದಿರುಗಿಲ್ಲ. ಈ ಮನೆಗೆ ಯಾರೇ ಹೊಸಬರು ಬಂದರೂ ಅತ್ತೆ ಮೊದಲು ನೋಡುವುದು ಅವರ ಕೈಚೀಲವನ್ನು.

ಟೀಚರ್ ಬಾಯಲ್ಲಿ ಹೆಚ್ಚು ಬರುವ ಶಿಷ್ಯೆ ‘ನರ್ಸಮ್ಮ’. ಮನೆ ಮನೆಗೆ ಹೋಗಿ ಹಾಸಿಗೆ ಹಿಡಿದವರ ಗಾಯ ತೊಳೆದು, ಸೂಜಿ ಹಾಕಿ ಬರುವ ಕೆಲಸ ಅವರದು. ಹಾಗೆ ದಾದಿಯರನ್ನು ಕಳಿಸುವ ಒಂದು ಸಂಸ್ಥೆಯಲ್ಲಿದ್ದಾರೆ. ಬಸ್ಸಿಗೆ ಕಾಯುವುದರಲ್ಲೇ ಅರ್ಧ ದಿನ ಹೋಗುತ್ತಿದೆ, ನೋವಿನವರು ಬಾಗಿಲು ನೋಡುತ್ತಾ ಮಲಗಿರುತ್ತಾರೆ ಎಂದು ಹೇಳಿಕೊಂಡು ನಲವತ್ತಮೂರನೇ ವಯಸ್ಸಿನಲ್ಲಿ ಇಲ್ಲಿಗೆ ಬಂದರು. ಮೊದಲ ದಿನ ತಟ್ಟೆಯನ್ನೂ ಎರಡು ಸಲ ಕೆಳಗೆ ಬೀಳಿಸಿದರು. ಆಮೇಲೆ ಅಂಥ ಕೈ ಮತ್ತೊಂದು ಬರಲಿಲ್ಲ.

“ಅವಳ ವಾರಗಿತ್ತಿಯ ಪುರಾಣವೆಲ್ಲ ನನಗೆ ಆ ಎರಡು ವಾರದಲ್ಲೇ ಬಾಯಿಪಾಠ ಆಯ್ತು. ಚಿನ್ನದ ಬಳೆ ಕಳೆದದ್ದು, ಅದು ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕಿದ್ದು, ಸಿಕ್ಕಿದ ಮೇಲೂ ಮಾತು ಬಿಟ್ಟದ್ದು. ಕಥೆ ಒಂದು ಕಡೆ ಹೋಗ್ತಿತ್ತು, ಕೈ ಅದರ ಪಾಡಿಗೆ ನೀರು ಹರಿದ ಹಾಗೆ ಹರೀತಿತ್ತು.”

ಏಳೆಂಟು ವರ್ಷ ನರ್ಸಮ್ಮ ಸಂಸ್ಥೆಯ ಕಾರು ಓಡಿಸಿದರು. ಇಕ್ಕಟ್ಟು ಗಲ್ಲಿಗಳಲ್ಲಿ, ಸಂತೆಯ ಜನರ ನಡುವೆ, ಎದುರಿನವರ ದೀಪ ಕಣ್ಣಿಗೆ ಹೊಡೆಯುವ ಮುಸ್ಸಂಜೆಗಳಲ್ಲಿ. ಒಂದು ಗೀರೂ ಬೀಳಲಿಲ್ಲ. ಕಳೆದ ವರ್ಷ ಸಂಸ್ಥೆ ತನ್ನ ಹಳೆಯ ಕಾರುಗಳನ್ನು ಮಾರಿ ವಿದ್ಯುತ್ ಕಾರುಗಳನ್ನು ತಂದಿತು. ಅವುಗಳ ಸ್ಟೀರಿಂಗ್ ದುಂಡಗಿರಲಿಲ್ಲ.

ಹೊಸ ವಿದ್ಯುತ್ ಕಾರುಗಳಲ್ಲಿ ಕೆಲವು ಹಾಗಿವೆ. ಸ್ಟೀರಿಂಗಿನ ಮೇಲಿನ ಕಮಾನನ್ನು ಕತ್ತರಿಸಿ ತೆಗೆದಂತೆ, ವಿಮಾನ ನಡೆಸುವವರ ಮುಂದೆ ಕಾಣುವ ಹಿಡಿಯಂತೆ, ಎರಡು ಬದಿಗೆ ಎರಡು ಕೊಂಬು, ನಡುವೆ ಪಟ್ಟಿ. ಇಂಡಿಕೇಟರಿಗೆ, ವೈಪರಿಗೆ ಹಿಂದೆ ಇದ್ದ ಕಡ್ಡಿಗಳಿಲ್ಲ. ಆ ಪಟ್ಟಿಯ ಮೇಲೆಯೇ ಬೆರಳು ತಾಕಿಸುವ ಗುಂಡಿಗಳು. ಇದಕ್ಕೆ ಕಾರಣಗಳಿಲ್ಲದೆ ಇಲ್ಲ. ಮೇಲಂಚು ಇಲ್ಲದ್ದರಿಂದ ಮುಂದಿನ ಪರದೆ ಮರೆಯಾಗುವುದಿಲ್ಲ, ಹತ್ತಿ ಇಳಿಯುವಾಗ ಮಂಡಿಗೆ ಜಾಗ ಸಿಗುತ್ತದೆ. ನೋಡುವುದಕ್ಕೂ ಹೊಸದಾಗಿ ಕಾಣುತ್ತದೆ.

ತೊಂದರೆ ಇರುವುದು ಲೆಕ್ಕದಲ್ಲಿ. ಸಾಮಾನ್ಯ ಕಾರಿನ ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತರಲು ಎರಡೂವರೆ ಸುತ್ತಿನಷ್ಟು ತಿರುಗಿಸಬೇಕು. ಮನುಷ್ಯನ ಮಣಿಕಟ್ಟು ಅಷ್ಟು ತಿರುಗುವುದಿಲ್ಲ. ಅದಕ್ಕೇ ಒಂದು ಕೈ ಬಿಟ್ಟು ಇನ್ನೊಂದು ಕೈ ಹಿಡಿಯುವ ಪದ್ಧತಿ, ಅದಕ್ಕೇ ಎಲ್ಲಿ ಹಿಡಿದರೂ ಸಿಗುವ ದುಂಡು ಆಕಾರ. ಮೇಲಂಚಿಲ್ಲದ ಸ್ಟೀರಿಂಗ್ ಬಂದ ಮೊದಲ ಕೆಲವು ಕಾರುಗಳಲ್ಲಿ ಆಕಾರ ಬದಲಾಯಿತು, ಸುತ್ತಿನ ಲೆಕ್ಕ ಬದಲಾಗಲಿಲ್ಲ. ಸಂಸ್ಥೆಗೆ ಬಂದದ್ದು ಅಂಥ ಕಾರು. ನೇರ ರಸ್ತೆಯಲ್ಲಿ ಅದರ ಕೊರತೆ ಗೊತ್ತೇ ಆಗುವುದಿಲ್ಲ. ಪೂರ್ತಿ ತಿರುಗಿಸಬೇಕಾದ ಕಡೆ ಮಾತ್ರ ಗೊತ್ತಾಗುತ್ತದೆ.

ಕಾರು ಕೈಗೆ ಬಂದ ದಿನ ನರ್ಸಮ್ಮ ಟೀಚರ್‌ಗೆ ಫೋನ್ ಮಾಡಿದ್ದರು. ಇದರ ಸ್ಟೀರಿಂಗ್ ಒಂಥರಾ ಇದೆ, ಒಂದು ದಿನ ಬಯಲಿಗೆ ತಂದು ನಿಮ್ಮ ಮುಂದೆ ಓಡಿಸಲಾ ಎಂದು ಕೇಳಿದ್ದರು. ಟೀಚರ್‌ಗೆ ಆ ವಾರ ಬಿಡುವಿರಲಿಲ್ಲ. ನಕ್ಕು ಫೋನಿಟ್ಟರು.

“ಏನಂದೆ ಗೊತ್ತಾ? ಸ್ಟೀರಿಂಗು ಸ್ಟೀರಿಂಗೇ ಕಣಮ್ಮ, ನಿನ್ನ ಕೈಗೆ ಎಲ್ಲ ಗೊತ್ತು, ಸುಮ್ನೆ ಹೋಗು ಅಂದೆ. ಬೇರೆ ಯಾರಾದ್ರೂ ಕೇಳಿದ್ರೆ ಬಾ ನೋಡೋಣ ಅಂತಿದ್ದೆ. ಅವಳ ಕೈ ಮೇಲೆ ನನಗೆ ಅಷ್ಟು ಸೊಕ್ಕು.” ಈ ಮಾತು ಹೇಳುವಾಗ ಅವರು ಮಡಿಲಿನ ತಟ್ಟೆಯ ಅಂಚನ್ನು ಹೆಬ್ಬೆರಳಲ್ಲಿ ಒರೆಸುತ್ತಲೇ ಇರುತ್ತಾರೆ.

ಒಂದು ಮಧ್ಯಾಹ್ನ ನರ್ಸಮ್ಮ ಒಬ್ಬ ಅಜ್ಜಿಯನ್ನು ಆಸ್ಪತ್ರೆಯಿಂದ ಮನೆಗೆ ಕರೆತರುತ್ತಿದ್ದರು. ಅಜ್ಜಿಯ ಗಲ್ಲಿಯ ಕೊನೆಯಲ್ಲಿ ಕಾರು ಪೂರ್ತಿ ತಿರುಗಿಸಬೇಕು. ವೇಗವೇನೂ ಇರಲಿಲ್ಲ. ಸ್ಟೀರಿಂಗ್ ಅರ್ಧ ತಿರುಗಿದಾಗ ಅವರ ಎಡಗೈ, ವರ್ಷಗಳಿಂದ ಮಾಡುತ್ತಾ ಬಂದ ಹಾಗೆ, ಮೇಲಂಚನ್ನು ಹಿಡಿಯಲು ಮೇಲೆದ್ದಿತು. ಹಿಡಿದದ್ದು ಬರೀ ಗಾಳಿ. ಎಡಗೈ ಹಿಡಿದಿರುತ್ತದೆ ಎಂಬ ನಂಬಿಕೆಯಲ್ಲಿ ಬಲಗೈ ಆ ಗಳಿಗೆಯಲ್ಲೇ ಸಡಿಲಿಸಿತು. ಹೊರಳಿದ ಗಾಲಿಗಳಿಗೆ ನೇರವಾಗುವ ಹಠ. ಸ್ಟೀರಿಂಗ್ ಸರ್ರನೆ ವಾಪಸ್ ತಿರುಗಿತು. ಕಾರು ನೇರ ಹೋಗಿ ಬೇಕರಿಯ ಮುಂದಿನ ಗಿಡ್ಡ ಗೋಡೆಗೆ ಗುದ್ದಿತು. ಹಿಂದಿನ ಸೀಟಿನ ಅಜ್ಜಿಯ ಎಡ ಮಣಿಕಟ್ಟು ಮುರಿಯಿತು.

ಅಜ್ಜಿ ಕಿರುಚಲಿಲ್ಲ. ಹೊಡೆಯೋಕೆ ಬಲಗೈ ನೆಟ್ಟಗಿದೆ, ಆದರೆ ನಿನ್ನ ಮೇಲೆ ಎತ್ತೋಕೆ ಮನಸ್ಸಿಲ್ಲ ಎಂದು ಆಸ್ಪತ್ರೆಯಲ್ಲಿ ನರ್ಸಮ್ಮನಿಗೇ ಸಮಾಧಾನ ಹೇಳಿದರಂತೆ. ಸಂಸ್ಥೆಯವರೂ ಬೈಯಲಿಲ್ಲ. ಸದ್ಯಕ್ಕೆ ಕಾರು ಬೇಡ, ಉಗ್ರಾಣ ನೋಡಿಕೊಳ್ಳಿ ಎಂದರು. ಕಾರು ಓಡಿಸುವ ದಾದಿಯರಿಗೆ ಮಾತ್ರ ಈಗ ಮನೆ ಮನೆಯ ಕೆಲಸ. ಗಾಯ ತೊಳೆಯುತ್ತಿದ್ದ ಕೈ ಬ್ಯಾಂಡೇಜ್ ಬಟ್ಟೆಯ ಕಟ್ಟು ಎಣಿಸತೊಡಗಿತು.

ಸುದ್ದಿ ತಿಳಿದ ಟೀಚರ್ ಉಗ್ರಾಣಕ್ಕೆ ಹೋದರು. ಎರಡು ಕಪಾಟುಗಳ ನಡುವೆ, ಟ್ಯೂಬ್‌ಲೈಟಿನ ಕೆಳಗೆ ನರ್ಸಮ್ಮ ನಿಂತಿದ್ದರು. ಅಳಲಿಲ್ಲ. ಕೈಯನ್ನು ಮೇಲೆತ್ತಿ ತೋರಿಸಿದರು. “ಕೈ ಇಲ್ಲಿಗೆ ಹೋಯ್ತು ಟೀಚರ್. ಇಲ್ಲಿ ಏನೂ ಇರಲಿಲ್ಲ.”

ಟೀಚರ್‌ಗೆ ಉತ್ತರ ಹೊಳೆದದ್ದು ವಾಪಸ್ ಬರುವ ದಾರಿಯಲ್ಲಿ. ಆದರೆ ಅದು ಇನ್ನೂ ಕಹಿ. “ಕೈ ತಪ್ಪು ಮಾಡ್ಲಿಲ್ಲ. ನಾನು ಹೇಳಿಕೊಟ್ಟದ್ದನ್ನೇ ಮಾಡ್ತು. ತಪ್ಪು ಮಾಡಿದ್ರೆ ಬುದ್ಧಿ ಹೇಳಬಹುದು. ಸರಿಯಾಗಿ ಮಾಡಿದ ಕೈಗೆ ಏನಂತ ಹೇಳೋದು?”

ಇಲ್ಲಿ ಒಂದು ವಿಪರ್ಯಾಸವಿದೆ. ಟೀಚರ್ ಹತ್ತಿರ ಕಲಿತ ಕೆಲವೇ ಗಂಡಸರಲ್ಲಿ ಒಬ್ಬರು ಔಷಧಿ ಅಂಗಡಿಯವರು. ಅವರಿಗೆ ಟೀಚರ್ ಇಟ್ಟ ಹೆಸರು ‘ಸೋಮಾರಿ ಕೈ’. ಕೈ ದಾಟಿಸುವುದು ಅವರಿಗೆ ಎಂದೂ ಒಗ್ಗಲಿಲ್ಲ. ಎರಡೂ ಕೈಯನ್ನು ಸ್ಟೀರಿಂಗಿನ ಕೆಳಭಾಗದಲ್ಲಿ, ಊಟವಾದ ಮೇಲೆ ಹೊಟ್ಟೆಯ ಮೇಲೆ ಇಟ್ಟ ಹಾಗೆ ಇಟ್ಟುಕೊಂಡು, ಅಷ್ಟಷ್ಟೇ ತಳ್ಳುತ್ತಾ ಓಡಿಸುತ್ತಿದ್ದರು. ಟೀಚರ್ ಬೈದು ಬೈದು ಸೋತರು. ಅವರೂ ಈಗ ಅಂಥದೇ ಕಾರು ಕೊಂಡಿದ್ದಾರೆ. ಮೊದಲ ದಿನವೇ ಸಲೀಸಾಗಿ ಓಡಿಸಿಕೊಂಡು ಬಂದು ಬಯಲಿನಲ್ಲಿ ನಿಲ್ಲಿಸಿ, ಗಾಜು ಇಳಿಸಿ, ಟೀಚರ್ ನನ್ನ ಕಾಲ ಈಗ ಬಂತು ನೋಡಿ ಎಂದರಂತೆ. “ಬೈದದ್ದಕ್ಕೆಲ್ಲ ಬಡ್ಡಿ ಸೇರಿಸಿ ನಕ್ಕು ಹೋದ” ಎನ್ನುತ್ತಾರೆ ಟೀಚರ್. ಅವರೂ ನಗುತ್ತಾರೆ, ಆದರೆ ಆ ನಗು ಬೇಗ ಮುಗಿಯುತ್ತದೆ.

ಸೋಮಾರಿ ಕೈ ಉಳಿಯಿತು, ಚುರುಕು ಕೈ ಕೆಟ್ಟಿತು. ಇದರಲ್ಲಿ ನ್ಯಾಯವಿಲ್ಲ, ಆದರೆ ಕಾರಣವಿದೆ. ಮತ್ತೆ ಮತ್ತೆ ಮಾಡಿದ ಚಲನೆ ಕ್ರಮೇಣ ಮಿದುಳಿನ ಯೋಚಿಸುವ ಭಾಗವನ್ನು ಬಿಟ್ಟು ತಾನೇ ತಾನಾಗಿ ನಡೆಯತೊಡಗುತ್ತದೆ. ಹಾಗೆ ಒಳಗಿಳಿದದ್ದನ್ನು ಅಳಿಸುವುದು ಸುಲಭವಲ್ಲ; ಅದರ ಮೇಲೆ ಇನ್ನೊಂದನ್ನು ಹೇರಬಹುದು, ಅಷ್ಟೇ. ಅವಸರದಲ್ಲಿ, ಗಾಬರಿಯಲ್ಲಿ ಮೇಲೆದ್ದು ಬರುವುದು ಅಡಿಯಲ್ಲಿರುವ ಹಳೆಯದೇ. ಆಳವಾಗಿ ಕಲಿತವರಿಗೆ ಅದು ಆಳದಲ್ಲೇ ಇರುತ್ತದೆ.

ಕೆಲವು ತಿಂಗಳ ನಂತರ ಸಂಸ್ಥೆ ಕಾರುಗಳನ್ನು ಬದಲಾಯಿಸಿತು. ಈ ಸಲ ಬಂದದ್ದು ಇನ್ನೂ ಹೊಸ ಬಗೆ. ಇದರಲ್ಲೂ ಮೇಲಂಚಿಲ್ಲ, ಆದರೆ ಸ್ಟೀರಿಂಗಿಗೂ ಗಾಲಿಗೂ ನಡುವೆ ಉಕ್ಕಿನ ದಂಡವೂ ಇಲ್ಲ. ಕೈ ಎಷ್ಟು ತಿರುಗಿಸಿತು ಎಂಬ ಸುದ್ದಿ ತಂತಿಯಲ್ಲಿ ಹೋಗುತ್ತದೆ, ಗಾಲಿಯನ್ನು ಮೋಟಾರು ಹೊರಳಿಸುತ್ತದೆ. ಹಾಗಾಗಿ ಲೆಕ್ಕ ಬೇಕಾದಂತೆ ಬದಲಾಗಬಲ್ಲದು. ಕಾರು ನಿಧಾನವಿದ್ದಾಗ ಸ್ವಲ್ಪ ತಿರುಗಿಸಿದರೂ ಗಾಲಿ ಬಹಳ ಹೊರಳುತ್ತದೆ, ವೇಗವಿದ್ದಾಗ ಅಷ್ಟೇ ತಿರುಗಿಸಿದರೂ ಕೊಂಚವೇ ಹೊರಳುತ್ತದೆ. ಯಾವ ಬದಿಗೂ ಅರ್ಧ ಸುತ್ತಿಗಿಂತ ಹೆಚ್ಚು ಬೇಕಿಲ್ಲ. ಹಿಡಿದ ಕೈಯನ್ನು ಬಿಡುವ ಪ್ರಮೇಯವೇ ಇಲ್ಲ. ಭುಜ ನೋವಿನವರಿಗೆ ಇದು ವರವಾದೀತು. ಸಂಸ್ಥೆಯ ಮೇಲ್ವಿಚಾರಕರು ನರ್ಸಮ್ಮನನ್ನು ಕರೆದು, ಅಭ್ಯಾಸ ಮಾಡಿ, ಒಂದು ಪರೀಕ್ಷೆ ಕೊಡಿ, ಪಾಸಾದರೆ ನಿಮ್ಮ ಮನೆಗಳು ನಿಮಗೆ ವಾಪಸ್ ಎಂದರು.

ಆ ಸಂಜೆ ಟೀಚರ್ ಒಂದು ತಟ್ಟೆ ಹಿಡಿದು ತಗಡಿನ ಅಂಗಡಿಗೆ ಹೋದರು. ಇದರ ಮೇಲ್ಭಾಗ ಕತ್ತರಿಸಿಕೊಡು ಎಂದರು. ಅಂಗಡಿಯವನು ತಟ್ಟೆಯನ್ನೂ ಇವರನ್ನೂ ನೋಡಿ, ಮನೆಯಲ್ಲಿ ಪಾಲಾಯಿತಾ ಅಮ್ಮ ಎಂದು ಕೇಳಿದನಂತೆ. ಕತ್ತರಿಸಿದ ಅಂಚಿಗೆ ಬಟ್ಟೆಯ ಪಟ್ಟಿ ಸುತ್ತಿ ಮನೆಗೆ ತಂದಾಗ ಅತ್ತೆ ಎರಡು ದಿನ ಮಾತು ಬಿಟ್ಟರು.

ನರ್ಸಮ್ಮ ದಿನವೂ ನಸುಕಿಗೇ ಬಂದರು. ಅರ್ಧ ತಟ್ಟೆ ಹಿಡಿದು ಟೀಚರ್ ಮನೆಯ ಜಗಲಿಯಲ್ಲಿ ಕೂತರು. ಈಗಿನ ಪಾಠ ಹಳೆಯದರ ತದ್ವಿರುದ್ಧ: ಹಿಡಿದದ್ದನ್ನು ಬಿಡಬೇಡ. ಕೈ ಮೇಲೇಳಲು ಹೋದಾಗಲೆಲ್ಲ ಟೀಚರ್ ಮಣಿಕಟ್ಟಿನ ಮೇಲೆ ಮೆಲ್ಲಗೆ ಎರಡು ಬೆರಳಿಡುತ್ತಿದ್ದರು. ಆಮೇಲೆ ಸಂಸ್ಥೆಯ ಕಾರು ಬಯಲಿಗೆ ಬಂತು. ಕಲಿಸುವ ಮುಂಚೆ ತಾನು ಕಲಿಯಬೇಕಲ್ಲ ಎಂದು ಟೀಚರ್ ಮೊದಲು ಕೂತರು. ಡ್ರಮ್ಮಿನ ಹತ್ತಿರ ಅವರ ಕೈಯೂ ಮೇಲಕ್ಕೆ ಹಾರಿತು, ಗಾಳಿಯಲ್ಲಿ ನಿಂತಿತು. ಕಾರು ಡ್ರಮ್ಮಿಗೆ ತಾಗಿ ಡಬ್ ಎಂದಿತು. ಯಾರಿಗೆ ಟಾಟಾ ಮಾಡಿದ್ರಿ ಟೀಚರ್ ಎಂದು ಕೇಳಿ ನರ್ಸಮ್ಮ ನಕ್ಕರು. ಅಪಘಾತವಾದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಬಂಪರಿನ ಮೇಲಿನ ಆ ತುಕ್ಕಿನ ಗುರುತು ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಅಭ್ಯಾಸ ಚೆನ್ನಾಗಿಯೇ ಸಾಗಿತು. ಕೈ ಮೇಲೇಳುವುದು ನಿಂತಿತು. ಡ್ರಮ್ಮು ಸುತ್ತಿದರು, ಹಿಂದಕ್ಕೆ ತೆಗೆದರು, ಎರಡು ಇಟ್ಟಿಗೆಗಳ ನಡುವೆ ನಿಲ್ಲಿಸಿದರು. ಒಂದೇ ಒಂದು ವಿಷಯ ಟೀಚರ್ ಮನಸ್ಸಿಗೆ ಮುಳ್ಳಾಗಿ ಚುಚ್ಚುತ್ತಿತ್ತು, ಅದನ್ನು ಅವರು ಆಗ ಬಾಯಿಬಿಟ್ಟು ಹೇಳಲಿಲ್ಲ.

“ಹಳೇ ರೂಢಿ, ತಿರುಗಿಸ್ತಾ ಏನಾದ್ರೂ ಹೇಳು ಅಂತಿದ್ದೆ. ವಾರಗಿತ್ತಿಯ ಮಗಳ ಮದುವೆ ವಿಷಯ ಶುರು ಮಾಡ್ತಿದ್ದಳು. ಡ್ರಮ್ಮು ಬಂತು ಅಂದ್ರೆ ಕಥೆ ನಿಂತುಬಿಡ್ತಿತ್ತು. ಸುತ್ತಿ ಆದ ಮೇಲೆ, ಎಲ್ಲಿದ್ದೆ ಟೀಚರ್ ಅಂತ ನನ್ನನ್ನೇ ಕೇಳ್ತಿದ್ದಳು. ನನಗೆ ಗೊತ್ತಾಗ್ತಿತ್ತು. ಆದ್ರೂ ಅವಳು ಮತ್ತೆ ಆ ಮನೆಗಳಿಗೆಲ್ಲ ಹೋಗ್ಲಿ ಅನ್ನೋ ಆಸೆ. ಸುಮ್ಮನಿದ್ದೆ.”

ಪರೀಕ್ಷೆಯ ಬೆಳಿಗ್ಗೆ ಟೀಚರ್ ಸಂಸ್ಥೆಯ ಗೇಟಿನ ಹತ್ತಿರ ನಿಂತು ಕಾದರು. ಮೇಲ್ವಿಚಾರಕರು ಪಕ್ಕದ ಸೀಟಿನಲ್ಲಿ ಕೂತರು. ಕಾರು ಬೀದಿ ದಾಟಿ, ವೃತ್ತ ಸುತ್ತಿ, ಗಲ್ಲಿಗಳಲ್ಲಿ ನುಗ್ಗಿ ಹಿಂದಿರುಗಿತು. ಗೇಟಿನ ಇಕ್ಕಟ್ಟು ತಿರುವಿನಲ್ಲಿ ಟೀಚರ್ ಕಣ್ಣು ಕಿರಿದು ಮಾಡಿ ನೋಡಿದರು: ಕೈ ಹಿಡಿದಲ್ಲೇ ಇತ್ತು. ಮೇಲ್ವಿಚಾರಕರು ಇಳಿದು, ಮುಖ ಅರಳಿಸಿಕೊಂಡು, ಕಾರಿನ ಕೀಲಿಯ ಕಾರ್ಡನ್ನು ಚಾಚಿದರು. ನಾಳೆಯಿಂದಲೇ ಹೊರಡಿ, ನಿಮ್ಮ ಅಜ್ಜಿ ದಿನಾ ಫೋನ್ ಮಾಡಿ ಪೀಡಿಸುತ್ತಿದ್ದಾರೆ ಎಂದರು.

ನರ್ಸಮ್ಮ ಕಾರ್ಡು ತೆಗೆದುಕೊಳ್ಳಲಿಲ್ಲ.

“ಸರ್, ವೃತ್ತದ ಹತ್ತಿರ ಕೋಲೂರಿಕೊಂಡು ಒಬ್ಬರು ತಾತ ರಸ್ತೆ ದಾಟಿದರು. ನೀವು ನೋಡಿದ್ರಾ?”

ನೋಡಿದೆ, ಅವರು ಆಗಲೇ ದಾಟಿ ಆಗಿತ್ತಲ್ಲ ಎಂದರು ಮೇಲ್ವಿಚಾರಕರು.

“ನಾನು ನೋಡಿದ್ದು ಅವರು ದಾಟಿ ಆದ ಮೇಲೆ. ದಾಟುವಾಗ ನಾನು ನನ್ನ ಕೈ ನೋಡ್ತಿದ್ದೆ. ಇಂಡಿಕೇಟರ್ ಗುಂಡಿ ಹುಡುಕೋಕೆ ಮತ್ತೊಂದು ಸಲ ನೋಡಿದೆ. ಕೈ ಸರಿಯಾಗಿತ್ತು ಸರ್. ಕಣ್ಣು ಅಲ್ಲಿರಲಿಲ್ಲ.”

ಮೇಲ್ವಿಚಾರಕರು ಒತ್ತಾಯ ಮಾಡಿದರು. ರೂಢಿಯಾದರೆ ಎಲ್ಲ ಸರಿಹೋಗುತ್ತದೆ ಎಂದರು. ಆಗಬಹುದು. ಹೊಸದಾಗಿ ಕಲಿಯುವವರಿಗೆ, ದುಂಡು ಸ್ಟೀರಿಂಗ್ ಹಿಡಿದೇ ಇಲ್ಲದವರಿಗೆ, ಈ ಅರ್ಧ ಸ್ಟೀರಿಂಗೇ ಒಂದು ದಿನ ‘ಅದರ ಪಾಡಿಗೆ ಅದು’ ಆಗಿಬಿಡುತ್ತದೆ. ನರ್ಸಮ್ಮನೂ ಅದನ್ನು ಅಲ್ಲಗಳೆಯಲಿಲ್ಲ. ಆದರೆ ರೂಢಿಯಾಗುವ ತನಕ ರಸ್ತೆಯಲ್ಲಿ ಇರುವವರು ಯಾರು ಎಂದು ಕೇಳಿದರು. ನಂತರ ಉಗ್ರಾಣದ ಬೀಗದ ಕೈ ತೆಗೆದುಕೊಂಡು ಒಳಗೆ ಹೋದರು. ಈಗಲೂ ಅಲ್ಲೇ ಇದ್ದಾರೆ. ಬೇಕೆಂದಾಗ ಮತ್ತೆ ಪರೀಕ್ಷೆ ಕೊಡಿ ಎಂದು ಸಂಸ್ಥೆ ಹೇಳಿದೆ. ಅಜ್ಜಿಯ ಮನೆಗೆ ಬೇರೆ ದಾದಿ ಹೋಗುತ್ತಾರೆ. ಹೊಸಬಳು ಬ್ಯಾಂಡೇಜನ್ನು ಮಲಗಿದ ಮಗುವಿಗೆ ಬಟ್ಟೆ ತೊಡಿಸಿದ ಹಾಗೆ ಸಡಿಲವಾಗಿ ಕಟ್ಟುತ್ತಾಳೆ ಎಂದು ಅಜ್ಜಿಯ ಗೊಣಗಾಟ.

ಗೇಟಿನಿಂದ ಮನೆಗೆ ಟೀಚರ್ ಅಂದು ನಡೆದೇ ಬಂದರಂತೆ. ಅವರಿಗೆ ದುಃಖವಾಯಿತು, ಅದರ ಅಡಿಯಲ್ಲಿ ಇನ್ನೇನೋ ಒಂದು ಇತ್ತು, ಅದಕ್ಕೆ ಹೆಸರಿಡಲು ಅವರಿಗೆ ನಾಚಿಕೆ. ತುಂಬ ಕೇಳಿದ ಮೇಲೆ ಇಷ್ಟು ಹೇಳುತ್ತಾರೆ: “ನಾನು ಸುಮ್ಮನಿದ್ದೆ. ಅವಳು ಸುಮ್ಮನಿರಲಿಲ್ಲ. ತಟ್ಟೆ ಅಡ್ಡ ಹಿಡಿದು ನಾನು ಕಲಿಸಿದ್ದು ಕೈಯನ್ನ ಅಲ್ಲ, ಕಣ್ಣನ್ನ. ಅವಳಿಗೆ ಅದು ನೆನಪಿತ್ತು, ನನಗೆ ಮರೆತಿತ್ತು.”

ಅರ್ಧ ತಟ್ಟೆ ಈಗ ಅಡುಗೆಮನೆಯಲ್ಲಿದೆ. ಡಬ್ಬಿಯಿಂದ ಹಿಟ್ಟು ತೆಗೆಯಲು ಅದರಷ್ಟು ಅನುಕೂಲದ್ದು ಬೇರೆ ಇಲ್ಲ ಎಂದು ಅತ್ತೆ ಕಂಡುಕೊಂಡಿದ್ದಾರೆ. ಇಪ್ಪತ್ತು ವರ್ಷದಲ್ಲಿ ನನ್ನ ಸೊಸೆ ಮಾಡಿದ ಒಂದು ಒಳ್ಳೇ ಕೆಲಸ ಎಂದು ಬಂದವರಿಗೆಲ್ಲ ತೋರಿಸುತ್ತಾರೆ. ಹೊಸದಾಗಿ ಸೇರಿದವರಿಗೆ ಟೀಚರ್ ಕೊಡುವುದು ಈಗಲೂ ದುಂಡು ತಟ್ಟೆಯೇ. ಇವರ ಕಾರಿನ ಸ್ಟೀರಿಂಗ್ ದುಂಡಗಿದೆ, ಬೇರೆ ಕೊಟ್ಟು ಮಾಡುವುದೇನು? ಆದರೆ ಕೊಡುವಾಗ ಒಂದು ಮಾತು ಸೇರಿದೆ. ನಾಳೆ ನಿಮ್ಮ ಕೈಗೆ ಬರುವ ಕಾರಿನಲ್ಲಿ ಈ ಮೇಲಂಚು ಇರುತ್ತೆ ಅಂತ ನಂಬಬೇಡಿ, ಸ್ಟೀರಿಂಗ್ ಬೇರೆ ಥರ ಕಂಡರೆ ಫೋನ್ ಮಾಡಿ, ಕೆಲಸ ಬಿಟ್ಟು ಬರ್ತೀನಿ ಎನ್ನುತ್ತಾರೆ. ಹೊಲಿಗೆ ಅಂಗಡಿಯವರು ಆ ನಂಬರನ್ನು ಈಗಾಗಲೇ ಫೋನಿಗೆ ಹಾಕಿಕೊಂಡಿದ್ದಾರೆ.

ಭಾನುವಾರದ ಬೆಳಿಗ್ಗೆ ಬಯಲಿನಲ್ಲಿ ಪಾಠವಿಲ್ಲ. ಆದರೂ ಬಿಳಿ ಕಾರು ಬಂದಿದೆ. ಓಡಿಸುತ್ತಿರುವವರು ನರ್ಸಮ್ಮ. ಕೈಗೆ ತುಕ್ಕು ಹಿಡಿಯಬಾರದು ಎಂದು ವಾರಕ್ಕೊಮ್ಮೆ ಬರುತ್ತಾರೆ. ವಾರಗಿತ್ತಿಯ ಮಗಳ ಮದುವೆ ಮುಗಿದು ಈಗ ಬೀಗರ ಅಧ್ಯಾಯ ನಡೆಯುತ್ತಿದೆ. ಡ್ರಮ್ಮು ಹತ್ತಿರ ಬರುತ್ತದೆ. ಎಡಗೈ ಮೇಲಕ್ಕೆ ಹೋಗುತ್ತದೆ, ಅಲ್ಲಿ ಇರಬೇಕಾದದ್ದು ಇದೆ, ಹಿಡಿಯುತ್ತದೆ. ಕಥೆ ಎಲ್ಲೂ ನಿಲ್ಲುವುದಿಲ್ಲ. ಪಕ್ಕದ ಸೀಟಿನಲ್ಲಿ ಟೀಚರ್ ಬಲಗಾಲು ಬ್ರೇಕಿನ ಮೇಲೆ ತೇಲುತ್ತಲೇ ಇದೆ. ಇಷ್ಟು ಒಳ್ಳೆಯ ಕೈಗೂ ಕಾವಲು ಬೇಕೇ ಎಂದರೆ, ರೂಢಿ ಎನ್ನುತ್ತಾರೆ.

ಕಾರು ನಿಂತ ಮೇಲೆ, ಇನ್ನೇನು ಆಸೆ ಎಂದು ಕೇಳಿದರೆ ಟೀಚರ್ ತಟ್ಟೆಯನ್ನು ಮಡಿಲಲ್ಲಿ ಒಂದು ಸುತ್ತು ತಿರುಗಿಸಿ, ಕೆಂಪು ಚುಕ್ಕೆಯನ್ನು ಮೇಲಕ್ಕೆ ತಂದು ನಿಲ್ಲಿಸುತ್ತಾರೆ.

“ಆ ಅರ್ಧ ಸ್ಟೀರಿಂಗ್ ಹಿಡಿದು ಇವಳು ಕಥೆ ನಿಲ್ಲಿಸದೆ ಗಲ್ಲಿಯಲ್ಲಿ ಕಾರು ತಿರುಗಿಸೋ ದಿನ ಒಂದು ಬರ್ಲಿ. ಅವತ್ತು ನಾನು ಪಕ್ಕದಲ್ಲಿ ಕೂರ್ತೀನಿ, ಕಾಲು ಮಡಚಿ ಸೀಟಿನ ಮೇಲೆ ಇಟ್ಕೊಂಡು. ಇವಳ ಕೈ ಕಡೆ ತಿರುಗಿಯೂ ನೋಡಲ್ಲ. ಕಿಟಕಿ ಆಚೆ ಏನೇನಿದೆ ಅಂತ ನೋಡ್ಕೊಂಡು ಹೋಗ್ತೀನಿ.”